ಟ್ರಂಕಿನಲ್ಲೊಂದು ಟಾಕೀಸು

ಮನುಷ್ಯನಾದವನಿಗೆ ಒಂದಲ್ಲ ಒಂದು ಹುಚ್ಚು ಇರಲೇಬೇಕು. ಇಲ್ಲದಿದ್ದರೆ ಭಾನುವಾರ ಕಳೆಯೋದು ಹೇಗೆ ಸ್ವಾಮಿ? ಕೆಲವರಿಗೆ ಅಂಚೆಚೀಟಿ ಕೂಡಿಡುವ ಹುಚ್ಚು. ಕೆಲವರಿಗೆ ಪಾರಿವಾಳ ಸಾಕುವ ಹುಚ್ಚು. ಇನ್ನು ಕೆಲವರಿಗೆ ಬೆಳಗಿನಿಂದ ಸಂಜೆಯ ತನಕ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂರುವ ಹುಚ್ಚು. (ಮೀನು ಸಿಕ್ಕಿದ್ದನ್ನು ನಾನಂತೂ ನೋಡಿಲ್ಲ!) ನಮ್ಮ ಮನೆಗೆ ಅಂಟಿರುವುದು ಹಾಡಿನ ಪುಸ್ತಕದ ಹುಚ್ಚು. ಅದು ಅಪ್ಪನಿಂದ ನನಗೆ ಬಂತು, ನನ್ನಿಂದ ಮಗಳಿಗೆ ದಾಟಿತು. ನಡುವೆ ನನ್ನ ಹೆಂಡತಿಗೆ ಮಾತ್ರ ತಗುಲಲಿಲ್ಲ. ಅವಳಿಗಿರುವ ಹುಚ್ಚು ಒಂದೇ, ಮನೆ ಚೊಕ್ಕಟ ಮಾಡುವುದು. ಈ ಎರಡು ಹುಚ್ಚುಗಳು ಒಂದೇ ಸೂರಿನ ಕೆಳಗೆ ಸೇರಿದರೆ ಏನಾಗುತ್ತದೆ ಎಂಬುದೇ ಈ ಲೇಖನದ ಕಥಾವಸ್ತು.

ಓದುಗ ಮಿತ್ರರಲ್ಲಿ ಈಗಷ್ಟೇ ಮೀಸೆ ಚಿಗುರುತ್ತಿರುವವರಿಗೆ ಹಾಡಿನ ಪುಸ್ತಕ ಅಂದರೇನು ಅಂತ ಗೊತ್ತಿರಲಿಕ್ಕಿಲ್ಲ. ಹೇಳ್ತೀನಿ ಕೇಳಿ. ಅಂಗೈ ಅಗಲದ, ನಾಲ್ಕೋ ಎಂಟೋ ಪುಟದ, ಮುಟ್ಟಿದರೆ ಹರಿಯುವಂಥ ತೆಳು ಕಾಗದದ ಪುಸ್ತಕ. ಬಣ್ಣ ಒಮ್ಮೆ ಗುಲಾಬಿ, ಒಮ್ಮೆ ಹಳದಿ. ಮುಖಪುಟದಲ್ಲಿ ನಾಯಕ ನಾಯಕಿಯರ ಚಿತ್ರ. ಮಸಿ ಹೆಚ್ಚಾಗಿ ನಾಯಕಿಗೂ ಮೀಸೆ ಬಂದಿರುತ್ತಿತ್ತು! ಒಳಗೆ ತಾರಾಗಣ, ತಂತ್ರಜ್ಞರು, ಕಥಾಸಾರಾಂಶ, ಆಮೇಲೆ ಹಾಡುಗಳು. ಹಾಡು ಬರೆದವರು ಯಾರು, ಸಂಗೀತ ಯಾರದು, ದನಿ ಯಾರದು ಎಂಬುದೆಲ್ಲ ಅಚ್ಚುಕಟ್ಟಾಗಿ. 1974ರ ‘ಸಂಪತ್ತಿಗೆ ಸವಾಲ್’ ಬರುವ ತನಕ ಅಣ್ಣಾವ್ರಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ದನಿ; ಆ ಚಿತ್ರದಲ್ಲಿ ಎಮ್ಮೆ ಮೇಲೆ ಕೂತು ತಾವೇ ಹಾಡಿದ ಮೇಲೆ ಅವರದೇ ದನಿ. ಈ ಬದಲಾವಣೆಯನ್ನು ನಾನು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ, ಚಿಲ್ಲರೆ ಕಾಸಿನ ಈ ಪುಸ್ತಕಗಳಿಂದಲೇ. ಟಾಕೀಸಿನ ಇಂಟರ್ವಲ್‌ನಲ್ಲಿ ಕಡ್ಲೆಕಾಯಿ, ಗೋಲಿ ಸೋಡಾದ ಜೊತೆ ಹುಡುಗರು ಕೂಗಿ ಕೂಗಿ ಮಾರುತ್ತಿದ್ದರು.

ಇದರ ಸ್ವಾರಸ್ಯ ಇರುವುದು ಕಥಾಸಾರಾಂಶದಲ್ಲಿ. ಕಥೆ ಸರಸರ ಓಡುತ್ತದೆ. ನಾಯಕ ಬಡವ, ನಾಯಕಿ ಸಾಹುಕಾರನ ಮಗಳು, ಖಳನಾಯಕನ ಕಣ್ಣು ಗದ್ದೆಯ ಮೇಲೆ... ನೀವು ಉಸಿರು ಬಿಗಿಹಿಡಿದು ಓದುತ್ತಿದ್ದಂತೆ, ನಾಯಕನ ಕೈಗೆ ಕೋಳ ಬೀಳುವ ಹೊತ್ತಿಗೆ ಸರಿಯಾಗಿ ಕಥೆ ನಿಂತುಬಿಡುತ್ತದೆ. ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಬೇಕಂತೆ! ಪುಸ್ತಕ ಕೊಂಡವನು ಇಂಟರ್ವಲ್ ತನಕ ಆಗಲೇ ನೋಡಿರುತ್ತಾನೆ, ಅವನಿಗೆ ತೊಂದರೆಯಿಲ್ಲ. ಮನೆಯಲ್ಲಿ ಕೂತು ಓದಿದವರ ಗತಿ ಏನು? ನಮ್ಮ ಭಾನುವಾರದ ಆಟ ಹುಟ್ಟಿದ್ದೇ ಈ ಪ್ರಶ್ನೆಯಿಂದ.

ನಮ್ಮೂರು ದಾವಣಗೆರೆ. ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಮಿಲ್ಲಿನ ಸೈರನ್ನಿಗೆ ಏಳುವುದು, ಮಿಲ್ಲಿನ ಸೈರನ್ನಿಗೆ ಉಣ್ಣುವುದು, ಸಂಬಳದ ದಿನ ಸಿನಿಮಾಕ್ಕೆ ಹೋಗುವುದು. ಗಾಂಧಿ ಕ್ಲಾಸಿನ ಟಿಕೆಟ್ಟು, ಒಂದು ಹಾಡಿನ ಪುಸ್ತಕ, ಹೊರಗೆ ಬಂದ ಮೇಲೆ ಮಂಡಕ್ಕಿ ಮೆಣಸಿನಕಾಯಿ. ಅಶೋಕ ಟಾಕೀಸಿಗೆ ಹೋಗಬೇಕಾದರೆ ರೈಲ್ವೆ ಗೇಟಿನ ಗಂಡಾಂತರ ಬೇರೆ. ಗೇಟು ಬಿತ್ತೆಂದರೆ ನ್ಯೂಸ್ ರೀಲು ಹೋಯಿತು ಅಂತಲೇ ಲೆಕ್ಕ. ಗೂಡ್ಸ್ ಗಾಡಿ ಬಂದರೆ ಟೈಟಲ್ಲೂ ಹೋಯಿತು! “ನಾನು ಹೆಸರೇ ನೋಡದ ಸಿನಿಮಾ ಎಷ್ಟು ಅದಾವಲೇ, ಎಲ್ಲಾ ಆ ಗೇಟಿನ ಪುಣ್ಯ” ಅಂತ ಅಪ್ಪ ಈಗಲೂ ನಗುತ್ತಾರೆ.

ಹೀಗೆ ಕೂಡಿದ ಪುಸ್ತಕಗಳು ಒಂದು ಕಬ್ಬಿಣದ ಟ್ರಂಕಿನಲ್ಲಿವೆ. ಮಗಳು ಎಣಿಸಿದ ಪ್ರಕಾರ 312. ಒಂದೊಂದರ ಹಿಂದೆಯೂ ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದಾರೆ: ತಾರೀಖು, ಟಾಕೀಸು, ಯಾವ ಶೋ, ಜೊತೆಗೆ ಯಾರು, ಅದರ ಕೆಳಗೆ ತಮ್ಮದೇ ವಿಮರ್ಶೆ. ಪತ್ರಿಕೆಗಳಲ್ಲಿ ನಕ್ಷತ್ರ ಕೊಡುತ್ತಾರಲ್ಲ, ಅಪ್ಪನ ಪದ್ಧತಿ ಬೇರೆ. “ಶಿಳ್ಳೆ 5, ಕಣ್ಣೀರು 2, ಫೈಟಿಂಗ್ 1, ನಿದ್ದೆ ಇಲ್ಲ.” ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆ ನಾನು ಎಲ್ಲೂ ಓದಿಲ್ಲ. ಇನ್ನೊಂದರ ಹಿಂದೆ: “ಸೆಕೆಂಡ್ ಶೋ. ಮಳೆ. ಮಿಲ್ಲಿನ ನಾಲ್ವರು. ನಿದ್ದೆ 1 ತಾಸು. ಹಾಡು ಬಂದಾಗ ಎದ್ದೆ.”

1972ರ ‘ಬಂಗಾರದ ಮನುಷ್ಯ’ ನಿಮಗೆಲ್ಲ ಗೊತ್ತೇ ಇದೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿ ದಾಖಲೆ ಮಾಡಿದ ಚಿತ್ರ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಅಪ್ಪ ಅದನ್ನು ನೋಡಿದ್ದು 9 ಸಲ, ಪುಸ್ತಕ ಕೊಂಡದ್ದು 3 ಸಲ. ಮೊದಲನೆಯದರ ಹಿಂದೆ ಹೀಗೆ ಬರೆದಿದ್ದಾರೆ: “ಕೊನೆಗೆ ರಾಜೀವ ಊರು ಬಿಟ್ಟು ಹೊಂಟೋಗ್ತಾನೆ. ನಾನಿದ್ದಿದ್ರೆ ಬಿಡ್ತಿರಲಿಲ್ಲ.” ಮೂರನೆಯದರ ಹಿಂದೆ: “ಇವತ್ತೂ ಹೋದ.”

ಇರಲಿ, ಭಾನುವಾರಕ್ಕೆ ಬರೋಣ. ನಮ್ಮ ಮನೆಯ ಭಾನುವಾರ ಶುರುವಾಗುವುದು ಶನಿವಾರ ಸಂಜೆಗೇ. ಅವತ್ತು ಅಪ್ಪನಿಗೆ ಟ್ರಂಕಿನ ಬೀಗದ ಕೈ ಹುಡುಕುವ ಕೆಲಸ. ಬೀಗದ ಕೈ ಅವರ ಜನಿವಾರದಷ್ಟೇ ಹತ್ತಿರ, ಅಂದರೆ ಬನಿಯನ್ನಿನ ಜೇಬಿನಲ್ಲೇ ಇರುತ್ತದೆ. ಆದರೂ ಹುಡುಕದಿದ್ದರೆ ಅವರಿಗೆ ಸಮಾಧಾನವಿಲ್ಲ. ಭಾನುವಾರ ಬೆಳಿಗ್ಗೆ ಮಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುತ್ತಾನೆ. ಸರಿಯಾಗಿ ದೋಸೆಯ ಪೊಟ್ಟಣ ಬಿಚ್ಚುವ ಗಳಿಗೆಗೆ ನನ್ನ ಭಾವಮೈದನ ಮೋಟಾರ್ ಸೈಕಲ್ಲು ಬಾಗಿಲಲ್ಲಿ ನಿಲ್ಲುತ್ತದೆ. “ಇಲ್ಲೇ ಹೊಂಟಿದ್ದೆ ಭಾವ, ಹಂಗೇ ಮಾತಾಡಿಸಿಕೊಂಡು ಹೋಗಣ ಅಂತ” ಅನ್ನುತ್ತಾನೆ. ಎಷ್ಟೋ ವರ್ಷದಿಂದ ಅವನು ಪ್ರತಿ ಭಾನುವಾರ ಇಲ್ಲೇ ಹೊರಟಿರುತ್ತಾನೆ!

ದೋಸೆ ಮುಗಿದ ಮೇಲೆ ಆಟ. ಆಟದ ಹೆಸರು ‘ಮುಂದೇನು?’. ನಿಯಮ ಸರಳ. ಮಗಳು ಕಣ್ಣು ಮುಚ್ಚಿ ಟ್ರಂಕಿನಿಂದ ಒಂದು ಪುಸ್ತಕ ಎತ್ತಬೇಕು. ಚಿತ್ರದ ಹೆಸರು ಮುಚ್ಚಿಟ್ಟು ಕಥಾಸಾರಾಂಶ ಓದಬೇಕು. ಕಥೆ ನಿಂತ ಕಡೆಯಿಂದ ಮುಂದಿನದನ್ನು ಉಳಿದವರು ಹೇಳಬೇಕು. ಸೋತವರು ಎಲ್ಲರಿಗೂ ಚಹಾ ಮಾಡಬೇಕು. ಅಪ್ಪ ಇದುವರೆಗೆ ಚಹಾ ಮಾಡಿದ ದಾಖಲೆಯಿಲ್ಲ. ಅವರಿಗೆ ಚಿತ್ರದ ಅಂತ್ಯವಷ್ಟೇ ಅಲ್ಲ, ಆ ಹೊತ್ತಿಗೆ ಮುಂದಿನ ಬೆಂಚಿನಲ್ಲಿ ಕೂತವನು ಏನು ಕೂಗಿದ ಎಂಬುದೂ ನೆನಪಿರುತ್ತದೆ. ನನ್ನ ಮಗ ಮಾತ್ರ ಮೇಜಿನ ಕೆಳಗೆ ಮೊಬೈಲು ಹಿಡಿದು ಪರೀಕ್ಷೆಯಲ್ಲಿ ಕಾಪಿ ಹೊಡೆದಂತೆ ಹೊಡೆಯುತ್ತಾನೆ. ಇಂಜಿನಿಯರಿಂಗ್ ಓದುವ ಹುಡುಗ, ಅಭ್ಯಾಸ ಬಿಟ್ಟುಹೋದೀತೆಂಬ ಭಯವಿರಬೇಕು.

ಒಂದು ಸಲ ಕೈಗೆ ಬಂದದ್ದು ‘ನಾಗರಹಾವು’. 1972ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದ ಪುಟ್ಟಣ್ಣನವರ ಚಿತ್ರ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಮಾಡಿದ್ದು. ವಿಷ್ಣುವರ್ಧನ್ ನಾಯಕರಾಗಿ ಕೋಟೆ ಹತ್ತಿದ್ದು, ಅಂಬರೀಷ್ ಜಲೀಲನಾಗಿ ಮೊದಲು ಕಾಣಿಸಿಕೊಂಡದ್ದು, ಜಯಂತಿ ಒನಕೆ ಓಬವ್ವನಾಗಿ ನಿಂತದ್ದು ಎಲ್ಲ ಅದರಲ್ಲೇ. ಪುಸ್ತಕ ಕಂಡಿದ್ದೇ ತಡ, ಅಪ್ಪ ಎದೆಯುಬ್ಬಿಸಿ, “ನಾನು ಶೂಟಿಂಗ್ ಕಣ್ಣಾರೆ ನೋಡೀನಿ” ಅಂದರು. ಇದರಲ್ಲಿ ಅತಿಶಯವೇನಿಲ್ಲ. ಚಿತ್ರದುರ್ಗ ನಮಗೆ ಸಮೀಪ; ದಾವಣಗೆರೆ 1997ರಲ್ಲಿ ಬೇರೆ ಜಿಲ್ಲೆಯಾಗುವ ತನಕ ನಾವೂ ಆ ಜಿಲ್ಲೆಯವರೇ. ಆದರೆ ಒಂದು ಮಾತು. ಈ ಸೀಮೆಯಲ್ಲಿ ಎಪ್ಪತ್ತು ದಾಟಿದ ಯಾವ ಗಂಡಸನ್ನಾದರೂ ಕೇಳಿ ನೋಡಿ, ಎಲ್ಲರೂ ಆ ಶೂಟಿಂಗ್ ನೋಡಿದವರೇ! ಅಷ್ಟೂ ಜನ ಆಗ ಕೋಟೆಯಲ್ಲಿ ನಿಂತಿದ್ದರೆ ಹೈದರಾಲಿಯ ಸೈನ್ಯಕ್ಕೆ ಇರಲಿ, ಕ್ಯಾಮೆರಾ ಇಡುವುದಕ್ಕೂ ಜಾಗ ಇರುತ್ತಿರಲಿಲ್ಲ.

“ಅಜ್ಜ, ಈ ಸಿನಿಮಾ ಫೋನಿನಾಗೇ ಐತಿ. ಹಾಡೂ ಐತಿ. ಮತ್ತೆ ಈ ಪೇಪರ್ ಯಾಕೆ ಬೇಕು?” ಅಂದ ಮಗ.

ಅಷ್ಟು ಸಾಕಾಯಿತು ನನ್ನ ಹೆಂಡತಿಗೆ. “ನಾನು ಇದನ್ನೇ ಹೇಳಿ ಹೇಳಿ ಸುಸ್ತಾದೆ. ಏನ್ರೀ, ಕೇಳಿಸ್ತಾ? ಟ್ರಂಕಿನ ಕೆಳಗೆ ಗೆದ್ದಲು ಬಂದೈತಿ. ಇವತ್ತು ಕಾಗದ ತಿಂತಾವೆ, ನಾಳೆ ಬಾಗಿಲ ಚೌಕಟ್ಟು. ರದ್ದಿಯವನು ಕೆ.ಜಿ. ಲೆಕ್ಕದಾಗೆ ತಗೊಂಡು ಹೋಗ್ತಾನೆ.” ಭಾವಮೈದ ದೋಸೆಯ ಋಣ ತೀರಿಸುವವನಂತೆ ಅಕ್ಕನ ಪರ ನಿಂತ. “ಎಲ್ಲಾ ಮೊಬೈಲ್‌ನಾಗೆ ಫೋಟೋ ಹೊಡಕೊಂಡು ಟ್ರಂಕ್ ಖಾಲಿ ಮಾಡಿಬಿಡಿ ಭಾವ. ಅಷ್ಟು ಜಾಗದಾಗೆ ಒಂದು ವಾಷಿಂಗ್ ಮೆಷಿನ್ ಕೂರ್ತದೆ.”

ಅಪ್ಪ ಮಾತಾಡಲಿಲ್ಲ. ಬನಿಯನ್ನಿನ ಜೇಬು ಮುಟ್ಟಿ ನೋಡಿಕೊಂಡರು ಅಷ್ಟೆ. ಅವರ ಪರವಾಗಿ ವಕಾಲತ್ತು ವಹಿಸುವುದು ನನ್ನ ಪಾಲಿಗೆ ಬಂತು. ವಾದ ಮಂಡಿಸಿದೆ. ಅದನ್ನು ನಿಮ್ಮ ಮುಂದೆಯೂ ಇಡುತ್ತೇನೆ, ತೀರ್ಪು ನಿಮ್ಮದೇ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ನಿರ್ದೇಶಕರು ವೈ.ವಿ. ರಾವ್. ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದ ಸ್ಟುಡಿಯೋದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಇಷ್ಟೆಲ್ಲ ನಮಗೆ ಗೊತ್ತು. ಆದರೆ ಆ ಚಿತ್ರವನ್ನು ಇವತ್ತು ನೋಡುತ್ತೇನೆ ಎಂದರೆ ಸಾಧ್ಯವಿಲ್ಲ. ಅದರ ಒಂದೇ ಒಂದು ಪ್ರತಿಯೂ ಉಳಿದಿಲ್ಲ! ಕನ್ನಡ ತೆರೆ ಮೊಟ್ಟಮೊದಲು ಆಡಿದ ಮಾತು ಕೇಳುವ ಭಾಗ್ಯ ನನಗೂ ಇಲ್ಲ, ನಿಮಗೂ ಇಲ್ಲ. ಯಾವ ಫೋನಿನಲ್ಲಿ ಹುಡುಕುತ್ತೀರಿ?

ಚಿತ್ರಗಳು ಹೀಗೆ ಮಾಯವಾಗುವುದಕ್ಕೆ ಕಾರಣವಿದೆ. ಆ ಕಾಲದ ಫಿಲಂ ನೈಟ್ರೇಟಿನದು. ಬೆಂಕಿ ಹತ್ತಿದರೆ ನೀರಿನಲ್ಲಿ ಅದ್ದಿದರೂ ಆರದು. 1950ರ ಸುಮಾರಿಗೆ ಅದರ ಬದಲು ಅಸಿಟೇಟ್ ಫಿಲಂ ಬಂತು. ಅದಕ್ಕೆ ಬೆಂಕಿಯ ಭಯ ಕಡಿಮೆ, ಆದರೆ ಸೆಕೆ ತೇವದಲ್ಲಿಟ್ಟರೆ ಹುಳಿ ಘಾಟು ಬಂದು ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಸಾಲದ್ದಕ್ಕೆ ಕಪ್ಪು ಬಿಳುಪು ಫಿಲಂನಲ್ಲಿ ಬೆಳ್ಳಿಯ ಅಂಶ ಬೇರೆ. ಊರೂರು ಸುತ್ತಿ ಸವೆದ ಪ್ರಿಂಟುಗಳನ್ನು ತೂಕಕ್ಕೆ ಹಾಕಿ, ತೊಳೆದು, ಬೆಳ್ಳಿ ತೆಗೆಯುತ್ತಿದ್ದರು. ನಾವು ಬೆಳ್ಳಿತೆರೆ, ಬೆಳ್ಳಿತೆರೆ ಅಂತ ಹಾಡಿ ಹೊಗಳುತ್ತಿದ್ದರೆ ಅತ್ತ ಕೆಲವರು ಅದರಲ್ಲಿದ್ದ ಬೆಳ್ಳಿಯನ್ನಷ್ಟೇ ಹೆಕ್ಕಿಕೊಂಡರು!

ಚಿತ್ರಗಳನ್ನು ಕಾಪಾಡಲೆಂದೇ ಸರ್ಕಾರ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರ ತೆರೆದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಕನ್ನಡ ವಾಕ್ಚಿತ್ರಕ್ಕೆ 30 ವರ್ಷ ತುಂಬಿತ್ತು. 2003ರಲ್ಲಿ ಪುಣೆಯಲ್ಲೇ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಸುರುಳಿಗಳು ಬೂದಿಯಾದವು. ಉಳಿದುಕೊಂಡ ಚಿತ್ರಗಳ ಅದೃಷ್ಟವೇ ಬೇರೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಬಂದಾಗ ಜನ ಮತ್ತೆ ಟಾಕೀಸಿಗೆ ಬಂದು ಕಣ್ಣೊರೆಸಿಕೊಂಡರು. ಯಾರೋ ಪುಣ್ಯಾತ್ಮರು ಜೋಪಾನ ಮಾಡಿದ್ದರಿಂದ ತಾನೇ ಅದು ಸಾಧ್ಯವಾದದ್ದು? ಜೋಪಾನ ಮಾಡುವವರಿಲ್ಲದ ಚಿತ್ರಗಳಿಗೆ ಉಳಿದಿರುವ ಗುರುತು ಎಂದರೆ ಒಂದು ಪೋಸ್ಟರು, ಒಂದು ಹಾಡಿನ ಪುಸ್ತಕ, ನೋಡಿದವರ ನೆನಪು. ಅಷ್ಟೇ.

ನನ್ನ ಭಾಷಣ ಮುಗಿದಾಗ ಮನೆಯಲ್ಲಿ ಗಾಢ ಮೌನ. ಗೆದ್ದೆ ಅಂದುಕೊಂಡೆ. ಹೆಂಡತಿ ಕೇಳಿದಳು, “ಎಲ್ಲಾ ಸರಿ. ಗೆದ್ದಲಿಗೆ ಏನು ಮಾಡ್ತೀರಿ?”

ಈ ವಾದದ ನಡುವೆ ಮಗಳು ಟ್ರಂಕಿನ ತಳದಿಂದ ಒಂದು ಪುಸ್ತಕ ತೆಗೆದಿದ್ದಳು. ಅದಕ್ಕೆ ಮುಖಪುಟವೇ ಇರಲಿಲ್ಲ. ತಾರಾಗಣದ ಪುಟವೂ ಇಲ್ಲ. ಕಥೆಯಿಂದಲೇ ಶುರು. “ಅಪ್ಪಾ, ಇದಕ್ಕೆ ಹೆಸರೇ ಇಲ್ಲ. ಹಿಂದೆ ಅಜ್ಜನ ಪೆನ್ಸಿಲ್ ಬರಹವೂ ಇಲ್ಲ” ಅಂದಳು. 312ರಲ್ಲಿ ಬರಹವಿಲ್ಲದ್ದು ಅದೊಂದೇ. ಅಪ್ಪ ಕೈ ಚಾಚಿ, “ಅದು ಬ್ಯಾಡ ಬಿಡವ್ವ, ಬೇರೆ ತಗಿ” ಅಂದರು. ಆದರೆ ಆಟ ಆಟವೇ. ಅವಳು ಓದಿಯೇಬಿಟ್ಟಳು.

ಇಬ್ಬರು ಅಣ್ಣತಮ್ಮಂದಿರು. ಅಣ್ಣ ಜಟಕಾ ಹೊಡೆದು ತಮ್ಮನನ್ನು ಓದಿಸುತ್ತಾನೆ. ಅತ್ತಿಗೆ ತನ್ನ ಬಳೆ ಮಾರಿ ಪರೀಕ್ಷೆಯ ಫೀಸು ಕಟ್ಟುತ್ತಾಳೆ. ತಮ್ಮ ಪಾಸಾಗಿ ಪಟ್ಟಣ ಸೇರುತ್ತಾನೆ, ದೊಡ್ಡ ಹುದ್ದೆ, ಶ್ರೀಮಂತರ ಸಂಬಂಧ. ಇತ್ತ ಅತ್ತಿಗೆ ಹಾಸಿಗೆ ಹಿಡಿಯುತ್ತಾಳೆ. ಅಣ್ಣ ತಮ್ಮನನ್ನು ಹುಡುಕಿಕೊಂಡು ಬಂಗಲೆಯ ಗೇಟಿನ ಮುಂದೆ ನಿಲ್ಲುತ್ತಾನೆ. ಕಾರು ಹೊರಗೆ ಬರುತ್ತದೆ. ತಮ್ಮ ಅಣ್ಣನ ಗುರುತು ಹಿಡಿದನೇ? ಅತ್ತಿಗೆಯ ಪ್ರಾಣ ಉಳಿಯಿತೇ? ಮುಂದಿನದು ಬೆಳ್ಳಿತೆರೆಯ ಮೇಲೆ!

“ಮುಂದೇನು?” ಅಂದಳು ಮಗಳು.

“ಗುರುತು ಹಿಡೀತಾನೆ, ಕಾರಿಂದ ಇಳಿದು ಕಾಲಿಗೆ ಬೀಳ್ತಾನೆ, ಗ್ರೂಪ್ ಫೋಟೋ, ಶುಭಂ” ಅಂದ ಭಾವಮೈದ. ನಾನೂ ಹಾಗೇ ಅಂದೆ. ಮಗ ಎರಡು ಹಾಡುಗಳ ಮೊದಲ ಸಾಲನ್ನು ಫೋನಿಗೆ ಹೇಳಿದ. ಫೋನು ಒಂದು ದಾಸರ ಪದವನ್ನೂ ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನವನ್ನೂ ತೋರಿಸಿತು. ಎಲ್ಲರೂ ಅಪ್ಪನ ಕಡೆ ತಿರುಗಿದೆವು. “ನನಗೆ ನೆನಪಿಲ್ಲ” ಅಂದರು ಅಪ್ಪ. ಮುಂದಿನ ಬೆಂಚಿನವನ ಕೂಗನ್ನೂ ನೆನಪಿಟ್ಟ ಮನುಷ್ಯ!

ಆಗ ಅಡಿಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಅವ್ವ ಬಾಯಿ ತೆರೆದರು. ಅವ್ವನ ವಿಷಯ ಇದುವರೆಗೆ ನಾನು ಹೇಳಲಿಲ್ಲ. ಯಾಕಂದರೆ ಅವರು ಆಟಕ್ಕೆ ಸೇರಿದವರೇ ಅಲ್ಲ. “ನಂಗೆ ಸಿನಿಮಾ ಗಿನಿಮಾ ತಿಳಿಯಂಗಿಲ್ಲ” ಎಂಬುದು ಅವರ ಐವತ್ತು ವರ್ಷದ ಮಾತು.

“ಗುರುತು ಹಿಡೀಲಿಲ್ಲ” ಅಂದರು ಅವ್ವ, ಮೊರ ಕೆಳಗಿಡದೆ. “ಕಾರು ಹಂಗೇ ಹೋತು. ಅಣ್ಣ ವಾಪಸ್ ಬರ್ತಾನೆ. ಕುದುರೆ ಮಾರಿ ಔಷಧ ತರ್ತಾನೆ. ಬರೋ ಹೊತ್ತಿಗೆ ಆಕಿ ಹೋಗಿರ್ತಾಳೆ. ಆಮ್ಯಾಲೆ ತಮ್ಮ ಬರ್ತಾನೆ, ಅಳ್ತಾನೆ, ಬಿಡು. ಅಷ್ಟೊತ್ತಿಗೆ ಏನೈತಿ?”

ನಾವೆಲ್ಲ ಬೆರಗಾಗಿ ನೋಡಿದೆವು. ಅವ್ವ ಮುಂದುವರಿಸಿದರು. “ನಿಮ್ಮ ಅಕ್ಕ ಆಗ ಆರು ತಿಂಗಳ ಕೂಸು. ನನ್ನ ಮಡಿಲಾಗೇ ಮಲಗಿತ್ತು. ನಡುವೆ ಒಂದ್ಸಲ ರೀಲು ಹರೀತು, ಜನ ಕೂಗಾಡಿದ್ರು, ಕೂಸು ಎದ್ದು ಅತ್ತಿತು. ನಿಮ್ಮ ಚಿಕ್ಕಪ್ಪನೂ ಬಂದಿದ್ದ. ಆಗ ಕಾಲೇಜಿಗೆ ಹೋಗ್ತಿದ್ದ. ಮನೆಗೆ ಬಂದವರೇ ಇವರು ಆ ಪುಸ್ತಕದ ಮುಖಪುಟ ಹರಿದು ಒಲಿಗೆ ಹಾಕಿದ್ರು. ‘ಇಂಥಾ ಸಿನಿಮಾ ತಗೀಬಾರ್ದು. ನನ್ನ ತಮ್ಮ ಹಂಗಲ್ಲ’ ಅಂದ್ರು. ಉಳಿದದ್ದನ್ನ ನಾನೇ ಎತ್ತಿಟ್ಟೆ. ಹಾಡು ಚಂದಿದ್ವು.”

ನಮ್ಮ ಚಿಕ್ಕಪ್ಪನನ್ನು ಓದಿಸಿದ್ದು ಅಪ್ಪ. ಮಿಲ್ಲಿನ ಸಂಬಳದಲ್ಲಿ ಮನೆ ನಡೆಸಿ, ಓವರ್‌ಟೈಮಿನಲ್ಲಿ ಕಾಲೇಜಿನ ಫೀಸು ಕಟ್ಟಿದವರು. ಚಿಕ್ಕಪ್ಪ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಮಾಡಿ ನಿವೃತ್ತರಾದರು. ಸಿನಿಮಾದ ತಮ್ಮನಂತೆ ಅವರು ಮುಖ ತಿರುಗಿಸಿದವರಲ್ಲ, ಜಗಳವೂ ಇಲ್ಲ. ಆದರೆ ಬದುಕು ಗೊತ್ತಲ್ಲ. ಯುಗಾದಿಗೆ ಒಂದು ಫೋನು, ದೀಪಾವಳಿಗೆ ಒಂದು ಫೋನು. “ಆರಾಮ?” “ಆರಾಮ.” ಅಲ್ಲಿಗೆ ಮುಗಿಯಿತು. ಇಬ್ಬರಿಗೂ ವಯಸ್ಸಾಗಿದೆ. ಕಾರು ಗೇಟಿನಿಂದ ಹೊರಗೆ ಹೋಗುವುದಕ್ಕೆ ಜಗಳವೇ ಆಗಬೇಕೆಂದಿಲ್ಲ. ಮೆಲ್ಲಗೆ, ಸದ್ದಿಲ್ಲದೆಯೂ ಹೋಗಿಬಿಡುತ್ತದೆ.

ಅಪ್ಪ ಟ್ರಂಕಿನ ಅಂಚು ನೋಡುತ್ತ ಕೂತಿದ್ದರು. ಏನು ಮಾತಾಡಬೇಕೆಂದು ನಮಗ್ಯಾರಿಗೂ ತೋಚಲಿಲ್ಲ. ಮಗಳು ಮಾತ್ರ ಚುರುಕು. “ಹಂಗಾರೆ ಚಿಕ್ಕಜ್ಜಗೆ ಸಿನಿಮಾ ಹೆಸರು ಗೊತ್ತಿರ್ತೈತಿ!” ಅಂದವಳೇ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಮಧ್ಯದಲ್ಲಿಟ್ಟಳು.

ಆ ಕಡೆ ಚಿಕ್ಕಪ್ಪ ಗಾಬರಿಯಾದರು. ಹಬ್ಬವಿಲ್ಲದ ದಿನ ಊರಿನಿಂದ ಫೋನು ಬಂದರೆ ಯಾರಿಗಾದರೂ ಗಾಬರಿಯೇ. “ಯಾಕೆ? ಅಣ್ಣ ಹೆಂಗದಾನೆ?” ಅಂದರು ಮೊದಲು. ಮಗಳು ಕಥೆಯನ್ನೆಲ್ಲ ಓದಿ ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಚಿಕ್ಕಪ್ಪನ ದನಿ: “ಅವತ್ತು ರೀಲು ಹರಿದಾಗ ಅಣ್ಣ ನನಗೆ ಸೋಡಾ ಕೊಡಿಸಿದ್ದ. ತಾನು ಕುಡೀಲಿಲ್ಲ. ದುಡ್ಡು ಒಂದಕ್ಕೇ ಇತ್ತು.”

ಅಪ್ಪ ಥಟ್ಟನೆ, “ಏ, ನನಗೆ ಅವತ್ತು ಗಂಟಲು ನೋವಿತ್ತಲೇ!” ಅಂದರು.

“ಸುಳ್ಳು ಹೇಳಬ್ಯಾಡಣ್ಣ. ಮನೆಗೆ ಬಂದು ಎರಡು ಚೆಂಬು ನೀರು ಕುಡಿದಿ.”

ಅಲ್ಲಿಂದ ಶುರುವಾಯಿತು ನೋಡಿ! ಎಪ್ಪತ್ತು ದಾಟಿದ ಇಬ್ಬರು ಮುದುಕರು, ನಡುವೆ ಒಂದು ಫೋನು. ಚಿತ್ರದ ಹೆಸರು ಚಿಕ್ಕಪ್ಪ ಒಂದು ಹೇಳಿದರು. ಅಪ್ಪನಿಗೆ ಇದ್ದಕ್ಕಿದ್ದಂತೆ ನೆನಪು ಮರಳಿ ಇನ್ನೊಂದು ಹೆಸರು ಹೇಳಿದರು. ನಾಯಕಿ ಇಂಥವರು ಅಂತ ಒಬ್ಬರು, ಅಲ್ಲವೇ ಅಲ್ಲ ಅಂತ ಇನ್ನೊಬ್ಬರು. ಅವ್ವ ಮೂರನೆಯ ಹೆಸರು ತೇಲಿಬಿಟ್ಟರು. ಮೂವರಲ್ಲಿ ಯಾರು ಸರಿ ಎಂಬುದು ತೀರ್ಮಾನವಾಗುವ ತನಕ ಯಾವ ಹೆಸರನ್ನೂ ಇಲ್ಲಿ ಅಚ್ಚು ಹಾಕಿಸಲಾರೆ. ಸೋತವರ ಕಡೆಯಿಂದ ಮಾನನಷ್ಟ ಮೊಕದ್ದಮೆ ಬಂದೀತು! ಫೋನು ಇಟ್ಟಾಗ 47 ನಿಮಿಷ ಆಗಿತ್ತು. ಹತ್ತು ಯುಗಾದಿ, ಹತ್ತು ದೀಪಾವಳಿ ಕೂಡಿಸಿದರೂ ಅವರು ಅಷ್ಟು ಮಾತಾಡಿರಲಿಲ್ಲ.

ಮುಂದಿನ ಭಾನುವಾರ ಬೆಳಗಿನ ರೈಲಿಗೆ ಚಿಕ್ಕಪ್ಪ ಬಂದಿಳಿದರು, ಪುಸ್ತಕವನ್ನು ಕಣ್ಣಾರೆ ಪರಿಶೀಲಿಸುವ ನೆಪದಲ್ಲಿ. ಪರಿಶೀಲನೆ ನಡೆದದ್ದು ಹತ್ತು ನಿಮಿಷ, ಬೆಣ್ಣೆ ದೋಸೆ ನಡೆದದ್ದು ಎರಡು ತಾಸು. ಭಾವಮೈದನಿಗೆ ಅವತ್ತು ಎರಡು ದೋಸೆ ಕಡಿಮೆ ಬಿತ್ತು. ಹೆಸರಿನ ಪ್ರಶ್ನೆ ಹಾಗೇ ಉಳಿಯಿತು. ಉಳಿದದ್ದೇ ಒಳ್ಳೆಯದಾಯಿತು, ಮತ್ತೆ ಬರುವುದಕ್ಕೆ ಒಂದು ಕಾರಣವಿರುತ್ತದೆ.

ಇನ್ನು ಟ್ರಂಕಿನ ಮೊಕದ್ದಮೆಯ ತೀರ್ಪು. ರದ್ದಿಯವನಿಗೆ ಬಾಗಿಲು ಬಂದ್ ಆಯಿತು. ತೀರ್ಪು ಕೊಟ್ಟವಳು ನನ್ನ ಹೆಂಡತಿಯೇ. ಟ್ರಂಕನ್ನು ನೆಲದಿಂದ ಎತ್ತಿ ನಾಲ್ಕು ಕಲ್ಲಿನ ಮೇಲೆ ಕೂರಿಸಿ, ಗೋಡೆಯಿಂದ ಒಂದು ಗೇಣು ದೂರ ಸರಿಸಿದ್ದಾಳೆ. ಗೆದ್ದಲಿಗೆ ಮದ್ದು ಹೊಡೆಸಿದ್ದಾಳೆ. ಒಳಗೆ ಒಣಗಿದ ಬೇವಿನ ಎಲೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ. ಮಳೆಗಾಲ ಕಳೆದ ಮೇಲೆ ಒಂದು ದಿನ ನೆರಳಿನಲ್ಲಿ ಗಾಳಿಗೆ ಹರಡಬೇಕು, ಬಿಸಿಲಿಗೆ ಹಾಕಬಾರದು ಅಂತ ನಮಗೆಲ್ಲ ತಾಕೀತು. ಅವಳ ಹುಚ್ಚೂ ನಮ್ಮ ಹುಚ್ಚೂ ಕೊನೆಗೆ ಕೈ ಕುಲುಕಿದವು ಅನ್ನಿ. ಭಾವಮೈದನ ಸಲಹೆಯಲ್ಲಿ ಅರ್ಧ ಒಪ್ಪಿದೆವು: ಮಗ ಒಂದೊಂದು ಪುಟದ ಫೋಟೋ ತೆಗೆಯುತ್ತಿದ್ದಾನೆ, ಆದರೆ ಕಾಗದವೂ ಇರುತ್ತದೆ. ಮಗಳು ಅವ್ವನ ಮುಂದೆ ಫೋನು ಹಿಡಿದು ಒಂದೊಂದೇ ಚಿತ್ರದ ಕಥೆ ಹೇಳಿಸಿ ದನಿ ಹಿಡಿದಿಡುತ್ತಿದ್ದಾಳೆ. ಸಿನಿಮಾ ತಿಳಿಯದ ನಮ್ಮ ಅವ್ವನಿಗೆ ಇದುವರೆಗೆ 64 ಚಿತ್ರಗಳ ಅಂತ್ಯ ನೆನಪಾಗಿದೆ! ಯಾವುದರಲ್ಲಿ ನಾಯಕಿ ಯಾವ ಬಣ್ಣದ ಸೀರೆ ಉಟ್ಟಿದ್ದಳು ಅಂತ ಕೂಡ ಹೇಳುತ್ತಾರೆ. ಚಿತ್ರ ಕಪ್ಪು ಬಿಳುಪಿನದಾಗಿತ್ತಲ್ಲ ಅಂದರೆ, “ನಿಂಗೆ ಕಾಣಲಿಲ್ಲ, ನಂಗೆ ಕಂಡಿತು” ಅನ್ನುತ್ತಾರೆ.

ಅಭಿಮಾನಿ ಮಿತ್ರರೇ, ನೀವು ಕಟೌಟು ನಿಲ್ಲಿಸುತ್ತೀರಿ, ಹಾರ ಹಾಕುತ್ತೀರಿ, ಮೊದಲ ದಿನದ ಮೊದಲ ಆಟಕ್ಕೆ ನಸುಕಿಗೇ ಸಾಲು ನಿಲ್ಲುತ್ತೀರಿ. ಬೇಡ ಎನ್ನುವುದಿಲ್ಲ, ಮಾಡಿ. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿ. ಈ ಭಾನುವಾರ ನಿಮ್ಮ ಮನೆಯ ಅಟ್ಟ ಹತ್ತಿ ನೋಡಿ. ಹಳೆಯ ಹಾಡಿನ ಪುಸ್ತಕ, ಕ್ಯಾಸೆಟ್ಟು, ಸಿನಿಮಾ ಪತ್ರಿಕೆ ಏನೇ ಸಿಕ್ಕರೂ ರದ್ದಿಗೆ ಹಾಕುವ ಮುಂಚೆ ಹಿರಿಯರ ಮುಂದೆ ಒಮ್ಮೆ ಹಿಡಿಯಿರಿ. “ಮುಂದೇನಾಯ್ತು?” ಅಂತ ಕೇಳಿ. ಅಪ್ಪನನ್ನು ಕೇಳಿದ ಮೇಲೆ ಮರೆಯದೆ ಅಮ್ಮನನ್ನೂ ಕೇಳಿ. ನೀವು ನೋಡುವ ಚಿತ್ರಗಳಿಗೆ ಹಾಡಿನ ಪುಸ್ತಕ ಇರಲಿಕ್ಕಿಲ್ಲ, ಟಿಕೆಟ್ಟೂ ಫೋನಿನೊಳಗೇ ಬಂದು ಫೋನಿನೊಳಗೇ ಕರಗುತ್ತದೆ. ಆದ್ದರಿಂದ ಒಂದು ಎರಡು ರೇಖೆಯ ಪುಸ್ತಕ ಕೊಂಡುಕೊಳ್ಳಿ. ತಾರೀಖು, ಟಾಕೀಸು, ಶಿಳ್ಳೆ ಎಷ್ಟು, ಕಣ್ಣೀರು ಎಷ್ಟು ಎಂದು ಬರೆದಿಡಿ. ಮುಖ್ಯವಾಗಿ, ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದನ್ನು ಬರೆಯಿರಿ. ಚಿತ್ರದ ಹೆಸರು ಮರೆತುಹೋದರೂ ಪರವಾಗಿಲ್ಲ.

ನಿದ್ದೆ ಎಷ್ಟು ಹೊತ್ತು ಮಾಡಿದಿರಿ ಎಂಬುದನ್ನೂ ಬರೆಯಿರಿ. ಪ್ರಾಮಾಣಿಕತೆ ಇರಬೇಕಪ್ಪ!